ನಕ್ಷೆಯಲ್ಲಿ ಇಲ್ಲದ ರೆಸಿಸ್ಟರ್

(ಕರಾವಳಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಹಳೇ ಟಿ.ವಿ.ಗಳ ರಿಪೇರಿ ಕುರಿತು ಆಡಿದ ಮಾತಿನ ಬರಹ ರೂಪ. ಅಲ್ಲಿ ಕೈಯಲ್ಲಿ ತೋರಿಸಿದ್ದನ್ನು ಇಲ್ಲಿ ಕೊಂಚ ಬಿಡಿಸಿ ಬರೆದಿದ್ದೇನೆ.)

ನಮಸ್ಕಾರ. ಮೊದಲು ಈ ಗ್ಲಾಸನ್ನು ನೋಡಿ. ಇದರಲ್ಲಿರುವುದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಬೋರ್ಡು ಗಲೀಜಾಗಿದೆ ಅಂದ ಕೂಡಲೇ ನಾವೆಲ್ಲ ಕೈ ಹಾಕುವುದು ಇದಕ್ಕೇ. ಈಗ ಇದಕ್ಕೊಂದು ಚಿಟಿಕೆ ಅಡುಗೆ ಉಪ್ಪು ಹಾಕುತ್ತೇನೆ. ಕದಡುತ್ತೇನೆ. ಇಲ್ಲೇ ಮೇಜಿನ ಮೇಲಿರಲಿ, ಆಮೇಲೆ ಇದರ ಹತ್ತಿರ ಬರೋಣ.

ಪಿಕ್ಚರ್ ಟ್ಯೂಬಿನ ಟಿ.ವಿ.ಯನ್ನು ಈಗ ಯಾರು ಸರ್ ರಿಪೇರಿಗೆ ತರುತ್ತಾರೆ ಅಂತ ನಿಮ್ಮಲ್ಲೊಬ್ಬರು ಬಾಗಿಲಲ್ಲೇ ಕೇಳಿದರು. ತರುತ್ತಾರೆ. ಮಗ ದುಬೈಯಿಂದ ಬರುವಾಗ ಹೊತ್ತು ತಂದ ಸೆಟ್ಟು ಅಂತ ಬಿಡಲೊಲ್ಲದ ಅಜ್ಜ ಅಜ್ಜಿಯರಿದ್ದಾರೆ. ಇತ್ತೀಚೆಗೆ ಇನ್ನೊಂದು ಜಾತಿಯ ಗಿರಾಕಿಗಳೂ ಹುಟ್ಟಿಕೊಂಡಿದ್ದಾರೆ, ಹಳೇ ವಿಡಿಯೋ ಗೇಮ್ ಆಡುವ ಹುಡುಗರು. ಪರದೆಗೆ ಬಂದೂಕು ಗುರಿಯಿಟ್ಟು ಆಡುವ ಆ ಕಾಲದ ಆಟಗಳು ಈಗಿನ ಎಲ್‌ಇಡಿ ಟಿ.ವಿ.ಯಲ್ಲಿ ನಡೆಯುವುದಿಲ್ಲ. ಅವಕ್ಕೆ ಗೆರೆಗೆರೆಯಾಗಿ ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣವೇ ಬೇಕು. ಅಜ್ಜನ ಸೆಟ್ಟು ಮೊಮ್ಮಗನ ಕೋಣೆಗೆ ಹೋಗುವಾಗ ನಡುವೆ ನನ್ನ ಮೇಜಿನ ಮೇಲೊಂದು ವಾರ ಕೂರುತ್ತದೆ.

ಇವೆಲ್ಲ ಇಪ್ಪತ್ತು, ಮೂವತ್ತು ವರ್ಷದ ಸೆಟ್ಟುಗಳು. ನಮ್ಮ ಕಡೆ ಸೆಟ್ಟಿನ ವಯಸ್ಸನ್ನು ವರ್ಷದಲ್ಲಿ ಎಣಿಸಬಾರದು, ಮಳೆಗಾಲದಲ್ಲಿ ಎಣಿಸಬೇಕು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೇಲೆ ಮಳೆ, ಅದರ ಜೊತೆಗೆ ಕಡಲ ಗಾಳಿಯ ಉಪ್ಪು, ಅಡುಗೆ ಮನೆಯ ಒಗ್ಗರಣೆ ಹೊಗೆ, ದೇವರ ಕೋಣೆಯ ಅಗರಬತ್ತಿ. ಎಲ್ಲವೂ ಹಿಂಬದಿ ಕವರಿನ ತೂತುಗಳಿಂದ ಒಳಗೆ ಹೋಗಿ ಕೂತಿರುತ್ತವೆ.

ನೀವು ಸರ್ಕ್ಯೂಟ್ ಡಯಾಗ್ರಮ್ ಓದಲು ಕಲಿತಿದ್ದೀರಿ. ಅದರಲ್ಲಿ ಬರೆಯದೇ ಬಿಟ್ಟ ಭಾಗ ಒಂದಿದೆ, ಕೊಳೆ. ಎರಡು ಟ್ರ್ಯಾಕುಗಳ, ಅಂದರೆ ಬೋರ್ಡಿನ ಮೇಲಿನ ತಾಮ್ರದ ಗೆರೆಗಳ, ನಡುವೆ ಕೊಳೆ ಕೂತು ಅದಕ್ಕೆ ತೇವ ಸೇರಿದರೆ ಅಲ್ಲೊಂದು ರೆಸಿಸ್ಟರ್, ಕರೆಂಟನ್ನು ತಡೆತಡೆದು ಹಾಯಿಸುವ ಭಾಗ, ಹುಟ್ಟುತ್ತದೆ. ಅದಕ್ಕೆ ಬಣ್ಣದ ಪಟ್ಟೆ ಇಲ್ಲ. ವ್ಯಾಲ್ಯೂ ನಿಂತಲ್ಲಿ ನಿಲ್ಲುವುದಿಲ್ಲ, ಬೆಳಿಗ್ಗೆ 1 ಮೆಗಾ ಓಮ್ ಇದ್ದದ್ದು ಸೆಟ್ಟು ಬಿಸಿಯಾದ ಮೇಲೆ 20 ಮೆಗಾ ಓಮ್ ಆಗಿರುತ್ತದೆ.

ಒಂದು ಮೆಗಾ ಓಮ್ ದೊಡ್ಡದೋ ಸಣ್ಣದೋ? ಕಪ್ಪುಹಲಗೆಯಲ್ಲಿ ಲೆಕ್ಕ ಹಾಕೋಣ. ಲೈನ್ ಔಟ್‌ಪುಟ್‌ಗೆ, ಅಂದರೆ ಕಿರಣವನ್ನು ಅಡ್ಡಕ್ಕೆ ಓಡಿಸುವ ಭಾಗಕ್ಕೆ, ಹೋಗುವ ಸಪ್ಲೈ 115 ವೋಲ್ಟ್ ಅಂತಿಟ್ಟುಕೊಳ್ಳಿ. ಅದರಿಂದ ಗ್ರೌಂಡಿಗೆ 1 ಮೆಗಾ ಓಮ್ ಕೊಳೆ ಬಿದ್ದರೆ ಸೋರುವುದು 0.115 ಮಿಲಿ ಆಂಪಿಯರ್. ಆ ಲೈನ್ ಎಳೆಯುವುದೇ ಹೆಚ್ಚುಕಡಿಮೆ ಅರ್ಧ ಆಂಪಿಯರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಈಗ ಟ್ಯೂನಿಂಗ್ ಲೈನಿಗೆ ಬನ್ನಿ. 0 ಇಂದ 33 ವೋಲ್ಟ್ ವರೆಗೆ ಏರಿಳಿಯುತ್ತಾ ಚಾನೆಲ್ ಹುಡುಕುವ ಲೈನ್ ಅದು. ಅಲ್ಲಿಗೆ ವೋಲ್ಟೇಜ್ ಬರುವುದೇ ದೊಡ್ಡ ರೆಸಿಸ್ಟರ್‌ಗಳ ಮೂಲಕ, 100 ಕಿಲೋ ಓಮ್ ಅನ್ನಿ. 10 ವೋಲ್ಟಿನಲ್ಲಿ ಚಾನೆಲ್ ನಿಂತಿದ್ದರೆ, ಅದೇ 1 ಮೆಗಾ ಓಮ್ ಕೊಳೆ ಅದನ್ನು 9.1ಕ್ಕೆ ಇಳಿಸುತ್ತದೆ. ಚಾನೆಲ್ ಓಡಿಹೋಯಿತು.

ಕೊಳೆ ಎಲ್ಲಿ ಹೆಚ್ಚಿದೆ ಅಂತ ಹುಡುಕುತ್ತಾ ಕೂತರೆ ದಿನವೇ ಹೋಗುತ್ತದೆ, ಇಪ್ಪತ್ತು ವರ್ಷದ ಬೋರ್ಡಿನಲ್ಲಿ ಅದು ಎಲ್ಲಾ ಕಡೆ ಇದೆ. ಈ ಸರ್ಕ್ಯೂಟಿನ ಯಾವ ಜಾಗಕ್ಕೆ ಒಂದು ಮೆಗಾ ಓಮ್ ಕೂಡ ಭಾರ ಅಂತ ಮೊದಲು ಕೇಳಿಕೊಳ್ಳಿ. ಅಂಥ ಜಾಗ ಬೆರಳೆಣಿಕೆಯಷ್ಟೇ.

ಒಂದು ಮನೆಯಲ್ಲಿ ಆಷಾಢದ ರಾತ್ರಿ ಟಿ.ವಿ.ಯ ಸೌಂಡು ತಾನಾಗಿ ಏರುತ್ತಿತ್ತು. ಯಾರೂ ರಿಮೋಟ್ ಮುಟ್ಟಿಲ್ಲ. ಕೆಳಗಿಳಿಸಿದರೆ ಮತ್ತೆ ಏರುತ್ತದೆ, ಒಮ್ಮೊಮ್ಮೆ ಚಾನೆಲ್ ಬದಲಾಗುತ್ತದೆ. "ಎಂತದೋ ಉಪದ್ರ ಇರ್ಬೇಕು ಮಾರಾಯ್ರೆ, ನೀವೊಮ್ಮೆ ನೋಡಿ ಹೇಳಿ, ಮತ್ತೆ ಭಟ್ರಲ್ಲಿ ಕೇಳುವ" ಅಂದರು ಯಜಮಾನರು. ಉಪದ್ರ ಇದ್ದದ್ದು ಮುಂಭಾಗದ ಸಣ್ಣ ಬಟನ್‌ಗಳಲ್ಲಿ. ಅಂಥ ಸೆಟ್ಟುಗಳಲ್ಲಿ ಎಲ್ಲಾ ಬಟನ್‌ಗಳೂ ಒಂದೇ ಲೈನಿನಲ್ಲಿ, ಬೇರೆ ಬೇರೆ ರೆಸಿಸ್ಟರ್‌ಗಳ ಮೂಲಕ, ಸೆಟ್ಟನ್ನು ನಡೆಸುವ ಚಿಪ್ ಆದ ಮೈಕ್ರೋ ಐಸಿಯ ಒಂದೇ ಪಿನ್ನಿಗೆ ಸೇರುತ್ತವೆ. ಪಿನ್ನಿನಲ್ಲಿ ಎಷ್ಟು ವೋಲ್ಟ್ ಇದೆ ಅನ್ನುವುದರಿಂದ ಯಾವ ಬಟನ್ ಒತ್ತಿದರು ಅಂತ ಐಸಿ ಲೆಕ್ಕ ಹಾಕುತ್ತದೆ. ಬಟನ್ ಒಳಗೆ ತೇವ ಹೊಕ್ಕು 20 ಕಿಲೋ ಓಮ್ ಸೋರಿಕೆಯಾದರೆ, ಯಾರೋ ಒತ್ತಿದ್ದಾರೆ ಅಂತಲೇ ಅದು ತಿಳಿಯುತ್ತದೆ. ಬಟನ್ ಬೋರ್ಡಿನ ಕನೆಕ್ಟರ್ ಕಿತ್ತು ರಿಮೋಟಿನಲ್ಲಿ ಒಂದು ದಿನ ಓಡಿಸಿ. ಉಪದ್ರ ನಿಂತರೆ ಬಟನ್‌ಗಳನ್ನಷ್ಟೂ ಬದಲಿಸಿ. ಒಂದನ್ನೇ ಬದಲಿಸಿ ಉಳಿದದ್ದನ್ನು ಬಿಟ್ಟರೆ ಮುಂದಿನ ಮಳೆಗೆ ಅದೇ ಮನೆಗೆ ಮತ್ತೆ ಹೋಗಬೇಕಾಗುತ್ತದೆ. ಹೋಗಿದ್ದೇನೆ.

ಇನ್ನೊಂದು ಜಾಗ ಫೋಕಸ್, ಅಂದರೆ ಕಿರಣವನ್ನು ಸಣ್ಣಗೆ ಕೂಡಿಸಿ ಚಿತ್ರ ತಿಳಿಯಾಗಿಸುವ ವೋಲ್ಟೇಜ್. ಇದು ನನಗೆ ಬಹಳ ಇಷ್ಟದ ಫಾಲ್ಟ್, ಗಿರಾಕಿ ಹೇಳುವ ಮಾತಿನಲ್ಲೇ ಉತ್ತರ ಇರುತ್ತದೆ. ಒಬ್ಬ ಅಜ್ಜಿ ಹೇಳಿದ್ದು ಹೀಗೆ: "ಬೆಳಿಗ್ಗೆ ಹಾಕಿದ್ರೆ ಎಲ್ಲ ಮಂಜು ಮಂಜು ಕಾಣ್ತದೆ ಮಗಾ. ನಾನು ಚಾ ಕುಡಿದು ಬರುವಷ್ಟರಲ್ಲಿ ಅದರಷ್ಟಕ್ಕೇ ಸರಿಯಾಗ್ತದೆ."

ಅಜ್ಜಿ ಚಾ ಕುಡಿಯುವಾಗ ಒಳಗೆ ನಡೆಯುವುದು ಇಷ್ಟು. ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿರುವ ಬೇಸ್ ಸಾಕೆಟ್‌ನಲ್ಲಿ ಫೋಕಸ್ ಪಿನ್ನಿಗೆ ಮಾತ್ರ ಪ್ರತ್ಯೇಕ ಮುಚ್ಚಿದ ಗೂಡು ಇರುತ್ತದೆ. ಅಲ್ಲಿಗೆ ಬರುವುದು ಆರೇಳು ಸಾವಿರ ವೋಲ್ಟ್. ಅದು ಬರುವ ದಾರಿಯಲ್ಲಿ, ಎಲ್‌ಓಟಿ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಟ್ಯೂಬಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಭಾಗ) ಒಳಗೇ, ನೂರಾರು ಮೆಗಾ ಓಮ್ ರೆಸಿಸ್ಟರ್ ಇದೆ. ವರ್ಷಗಟ್ಟಲೆ ತೇವ ಕುಡಿದ ಆ ಗೂಡಿನಲ್ಲಿ ಪಿನ್ನಿನ ಲೋಹಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬಿನಿಂದ ಸೋರಿದಷ್ಟು ಫೋಕಸ್ ವೋಲ್ಟೇಜ್ ಇಳಿಯುತ್ತದೆ, ಚಿತ್ರ ಮಸುಕಾಗುತ್ತದೆ. ಟ್ಯೂಬಿನ ಹೀಟರ್ 6.3 ವೋಲ್ಟಿನದು, ಸುಮಾರು ನಾಲ್ಕು ವಾಟಿನಷ್ಟು ಬಿಸಿ. ಆ ಬಿಸಿಗೆ ಗೂಡಿನ ತೇವ ಆರುತ್ತದೆ, ಸೋರಿಕೆ ನಿಲ್ಲುತ್ತದೆ, ಚಿತ್ರ ತಿಳಿಯಾಗುತ್ತದೆ. ಅಷ್ಟರಲ್ಲಿ ಚಾ ಮುಗಿದಿರುತ್ತದೆ.

ಮಲ್ಟಿಮೀಟರ್ ಇಲ್ಲಿ ಏನೂ ಹೇಳುವುದಿಲ್ಲ. ಮೀಟರ್ ಕೊಡುವ ಒಂದೆರಡು ವೋಲ್ಟಿಗೆ ಆ ಸಾಕೆಟ್ ಪೂರ್ತಿ ಓಪನ್. ಆರು ಸಾವಿರ ವೋಲ್ಟಿಗೆ ಮಾತ್ರ ಅದು ಬಾಯಿ ಬಿಡುತ್ತದೆ. ಗೊತ್ತಿಲ್ಲದವರು ಎಲ್‌ಓಟಿಯ ಫೋಕಸ್ ಕಂಟ್ರೋಲ್ ತಿರುಗಿಸಿ ಬೆಳಿಗ್ಗೆಯ ಚಿತ್ರ ಸರಿ ಮಾಡಿಕೊಡುತ್ತಾರೆ, ಅರ್ಧ ಗಂಟೆಯಲ್ಲಿ ತೇವ ಆರಿ ವೋಲ್ಟೇಜ್ ಏರಿದಾಗ ಅದು ಮತ್ತೆ ಮಸುಕಾಗುತ್ತದೆ. ಸ್ಪ್ರೇ ಹೊಡೆದರೆ ಕೆಲವು ವಾರ ನಡೆಯುತ್ತದೆ, ಅಷ್ಟೇ. ಸಾಕೆಟ್ಟನ್ನೇ ಬದಲಿಸಿ. ಕೀಳುವಾಗ ನೇರ ಹಿಂದಕ್ಕೆ ಎಳೆಯಿರಿ, ಅಲುಗಾಡಿಸಬೇಡಿ. ಕುತ್ತಿಗೆ ಬಿರಿದರೆ ಒಂದು ಉಸ್ಸೆಂಬ ಸದ್ದು, ಟ್ಯೂಬಿನೊಳಗೆ ಗಾಳಿ, ಅಲ್ಲಿಗೆ ಆ ಸೆಟ್ಟು ಮುಗಿಯಿತು.

ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಅಥವಾ ಬಿರುಕು ಬಿಟ್ಟ ಬೆಸುಗೆ) ಮತ್ತು ಕೊಳೆ, ಇವೆರಡನ್ನು ಬೇರೆ ಮಾಡುವುದು ಹೇಗೆ? ಎರಡೂ ಬಂದು ಹೋಗುವ ಫಾಲ್ಟ್‌ಗಳೇ. ಕ್ಯಾಬಿನೆಟ್‌ಗೆ ಮೆಲ್ಲಗೆ ತಟ್ಟಿದಾಗ ಫಾಲ್ಟ್ ಬಂದರೆ ಅಥವಾ ಹೋದರೆ ಸೋಲ್ಡರ್ ನೋಡಿ. ಎಷ್ಟು ತಟ್ಟಿದರೂ ಜಪ್ಪಯ್ಯ ಅನ್ನದೆ, ಬಿಸಿಗೆ ಮತ್ತು ತೇವಕ್ಕೆ ಮಾತ್ರ ಮಾತಾಡಿದರೆ ಕೊಳೆ. ಕಡಿಮೆ ವೋಲ್ಟೇಜಿನ ಭಾಗದಲ್ಲಿ, ಟ್ಯೂನರ್ ಸುತ್ತ, ಬಾಯಿಂದ 'ಹಾ' ಅಂತ ಬಿಸಿಯುಸಿರು ಬಿಡಿ. ಚಾನೆಲ್ ಸರಿದರೆ ಜಾಗ ಸಿಕ್ಕಿತು. ಆಮೇಲೆ ಹೇರ್ ಡ್ರೈಯರ್ ಹಿಡಿದು ವಾಪಸು ಬರುತ್ತದೋ ನೋಡಿ. ಪವರ್ ಸಪ್ಲೈ ಹತ್ತಿರ, ಎಲ್‌ಓಟಿ ಹತ್ತಿರ ಮುಖ ತೆಗೆದುಕೊಂಡು ಹೋಗಬೇಡಿ ಅಂತ ಬೇರೆ ಹೇಳಬೇಕಾ? ಹೇಳುತ್ತೇನೆ, ಹೋಗಬೇಡಿ. ಕಲರ್ ಟ್ಯೂಬಿನ ಮೇಲೆ 25,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಸಪ್ಲೈಯ ದೊಡ್ಡ ಕಂಡೆನ್ಸರಿನಲ್ಲಿ, ಅಂದರೆ ಚಾರ್ಜ್ ಹಿಡಿದಿಡುವ ಡಬ್ಬಿಯಲ್ಲಿ, 300ಕ್ಕೂ ಮೇಲೆ. ಕೈ ಹಾಕುವ ಮುಂಚೆ ಎರಡನ್ನೂ ಡಿಸ್ಚಾರ್ಜ್ ಮಾಡಿ. ಟ್ಯೂಬನ್ನು ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ, ಚಾರ್ಜ್ ಮತ್ತೆ ಕಟ್ಟಿಕೊಳ್ಳುತ್ತದೆ. ಶುರು ಮಾಡುವಾಗ ಸೀರೀಸ್ ಬೋರ್ಡಿನಲ್ಲಿ (ಸೆಟ್ಟಿನ ಕರೆಂಟು ಬಲ್ಬಿನ ಮೂಲಕವೇ ಹಾಯುವ ಬೋರ್ಡು) ಹಳೇ ಜಾತಿಯ 100 ವಾಟ್ ಬಲ್ಬ್ ಹಾಕಿಯೇ ಶುರು ಮಾಡಿ.

ಮೇಜಿನ ಮೇಲೆ ಮೂರು ಬೋರ್ಡುಗಳಿವೆ, ಇದು ಮೊದಲನೆಯದು. 21 ಇಂಚಿನ ಕಲರ್ ಸೆಟ್ಟಿನದು. ದೊಡ್ಡ ಕಂಡೆನ್ಸರಿನ ಬುಡದಲ್ಲಿ ಕಾಫಿ ಕಷಾಯ ಚೆಲ್ಲಿ ಒಣಗಿದ ಹಾಗೆ ಕಾಣುತ್ತಿದೆಯಲ್ಲ? ಕಂಡೆನ್ಸರ್ ಲೀಕ್ ಅಂತ ಎಲ್ಲರೂ ಹೇಳುತ್ತಾರೆ. ಹಿಂದೆ ನೋಡಿದವರೂ ಹಾಗೇ ಅಂದುಕೊಂಡು ಕಂಡೆನ್ಸರ್ ಬದಲಿಸಿದ್ದರು, ಸಪ್ಲೈ ಐಸಿಯನ್ನು ಎರಡು ಸಲ ಬದಲಿಸಿದ್ದರು. ಸೆಟ್ಟು ಮನಸ್ಸು ಬಂದಾಗ ಹತ್ತುತ್ತಿತ್ತು, ಮನಸ್ಸು ಬಂದಾಗ ಕೆಡುತ್ತಿತ್ತು.

ಇದು ಅಂಟು. ದೊಡ್ಡ ಭಾಗಗಳು ಸಾಗಾಟದಲ್ಲಿ ಅಲುಗಾಡದಿರಲಿ ಅಂತ ಕಾರ್ಖಾನೆಯಲ್ಲೇ ಸುರಿಯುತ್ತಿದ್ದ ರಬ್ಬರ್ ಜಾತಿಯ ಅಂಟು. ಹೊಸದರಲ್ಲಿ ಕೆನೆ ಬಣ್ಣ, ಕರೆಂಟು ಹಾಯಿಸುವುದಿಲ್ಲ. ಆ ರಬ್ಬರಿನಲ್ಲಿ ಕ್ಲೋರಿನ್ ಇದೆ. ವರ್ಷಗಟ್ಟಲೆ ಬಿಸಿ ತಿಂದರೆ ಅಂಟು ಒಡೆದು ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಕ್ಲೋರಿನ್ ಹೊರಬಂದು ತಾಮ್ರ ತಿನ್ನುತ್ತದೆ, ಕರೆಂಟೂ ಹಾಯಿಸತೊಡಗುತ್ತದೆ. ಈ ಬೋರ್ಡಿನಲ್ಲಿ ಬರೀ ಅಂಟಿಗೇ ಮೀಟರಿನ ಎರಡು ಮುಳ್ಳು ಚುಚ್ಚಿದೆ, ನಡುವೆ ಎರಡು ಮಿಲಿಮೀಟರ್ ಬಿಟ್ಟು. 300 ಕಿಲೋ ಓಮ್ ತೋರಿಸಿತು. ಅಂಟು ಅನ್ನುವುದನ್ನು ಬಿಟ್ಟು ರೆಸಿಸ್ಟರ್ ಅನ್ನಿ, ಅಷ್ಟೇ.

ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು, ಬಿಸಿಗಾಳಿ ಕೊಟ್ಟು ಮೆತ್ತಗೆ ಮಾಡಿ ಕೆರೆದೆ. ಸ್ಕ್ರೂಡ್ರೈವರ್ ಆದರೆ ಟ್ರ್ಯಾಕ್ ಕಿತ್ತು ಬರುತ್ತದೆ. ಅರ್ಧ ಕೆರೆಯುವಾಗ ಅಡಿಯಲ್ಲಿದ್ದ ಸಣ್ಣ ಡಯೋಡಿನ ಒಂದು ಕಾಲು ಅಂಟಿನ ಜೊತೆಗೇ ಎದ್ದು ಬಂತು. ಕಾಲಿನ ತುದಿ ದಾರದಷ್ಟು ತೆಳ್ಳಗಾಗಿತ್ತು, ಸುತ್ತ ಹಸಿರು ಪುಡಿ. ಪಕ್ಕದ ಜಂಪರ್ ವಯರ್ ಮುಟ್ಟಿದ್ದೇ ಮುರಿಯಿತು. ಡಯೋಡು, ಜಂಪರ್ ಎರಡೂ ಹಾಕಿದ ಮೇಲೆ ಸೆಟ್ಟು ಸರಿಯಾಗಿ ಓಡಿತು. ಕೊನೆಗೆ ಟ್ಯೂಬ್ ಹೋದಾಗ ಮಾಲೀಕರು ಸೆಟ್ಟನ್ನು ನನಗೇ ಕೊಟ್ಟರು. ಕಂದು ಅಂಟು ಕಂಡರೆ ಫಾಲ್ಟ್ ಇರಲಿ ಬಿಡಲಿ ತೆಗೆದುಬಿಡಿ. ಬಿಳಿ ಸಿಲಿಕಾನ್ ಅಂಟು, ಗನ್ನಿನಿಂದ ಹಾಕುವ ಅಂಟು, ಇವುಗಳ ತಂಟೆಗೆ ಹೋಗಬೇಕಿಲ್ಲ.

ನಿಜವಾದ ಕಂಡೆನ್ಸರ್ ಲೀಕನ್ನು ಮೂಗು ಕಂಡುಹಿಡಿಯುತ್ತದೆ. ಸೋಲ್ಡರಿಂಗ್ ಐರನ್ ಇಟ್ಟ ಕೂಡಲೇ ಒಣಮೀನಿನ ವಾಸನೆ. ಮೊದಲ ಸಲ ಬಂದಾಗ ಪಕ್ಕದ ಮನೆಯ ಅಡುಗೆ ಅಂತಲೇ ಎಣಿಸಿದ್ದೆ. 1990ರ ಆಸುಪಾಸಿನ ವಿಡಿಯೋ ಕ್ಯಾಮೆರಾಗಳಲ್ಲಿ, ಬೋರ್ಡಿಗೆ ಮಟ್ಟಸವಾಗಿ ಕೂರುವ ಸಣ್ಣ ಡಬ್ಬಿ ಕಂಡೆನ್ಸರ್‌ಗಳಲ್ಲಿ ಇದು ಸಾಮಾನ್ಯ, ಟಿ.ವಿ.ಯಲ್ಲಿ ಅಪರೂಪಕ್ಕೆ. ಲೀಕಾದ ಜಾಗದಲ್ಲಿ ಸೋಲ್ಡರ್ ಹಿಡಿಯುವುದಿಲ್ಲ, ಮಂಕಾಗಿ ಉಂಡೆ ಕಟ್ಟುತ್ತದೆ. ತೊಳೆದು, ಕೆರೆದು, ತಾಮ್ರ ಹೊಳೆದ ಮೇಲೆಯೇ ಹೊಸ ಕಂಡೆನ್ಸರ್.

ಈಗ ಗ್ಲಾಸಿಗೆ ಬನ್ನಿ. ಇಷ್ಟು ಹೊತ್ತಾಯಿತು, ಉಪ್ಪು ತಳದಲ್ಲಿ ಹಾಗೇ ಕೂತಿದೆ. ಒಂದು ಹರಳೂ ಕರಗಿದ ಹಾಗಿಲ್ಲ. ಐಪಿಎ ಎಣ್ಣೆ ಜಿಡ್ಡು ತೆಗೆಯುತ್ತದೆ, ಸೋಲ್ಡರಿನ ರಾಳ ತೆಗೆಯುತ್ತದೆ. ಉಪ್ಪು ತೆಗೆಯುವುದಿಲ್ಲ. ಕಡಲ ಗಾಳಿಯದ್ದು ಉಪ್ಪು, ಹಲ್ಲಿ ಹಿಕ್ಕೆಯಲ್ಲಿ, ಇಲಿ ಉಚ್ಚೆಯಲ್ಲಿ ಇರುವುದೂ ಲವಣವೇ. ನಮ್ಮ ಊರಿನ ಬೋರ್ಡುಗಳನ್ನು ಐಪಿಎ ಹಾಕಿ ಉಜ್ಜಿದರೆ ಮೇಲಿನ ಜಿಡ್ಡು ಹೋಗಿ ಬೋರ್ಡು ಫಳಫಳ ಅನ್ನುತ್ತದೆ, ಉಪ್ಪು ಅಲ್ಲೇ ಉಳಿದು ಮುಂದಿನ ತೇವಕ್ಕೆ ಕಾಯುತ್ತದೆ.

ಅದಕ್ಕೆ ನೀರೇ ಬೇಕು. ಗಾಬರಿಯಾಗಬೇಡಿ. ಬಾವಿ ನೀರಲ್ಲ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬೋರ್ಡನ್ನು ಸೆಟ್ಟಿನಿಂದ ಹೊರಗೆ ತೆಗೆದು, ಬೇಕಾದ ಜಾಗಕ್ಕೆ ಮಾತ್ರ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ನೀರು, ಅದನ್ನು ಒರೆಸಿ ಆಮೇಲೆ ಐಪಿಎ. ಐಪಿಎ ಉಳಿದ ನೀರನ್ನು ಎಳೆದುಕೊಂಡು ಹಾರುತ್ತದೆ. ಎಲ್‌ಓಟಿ, ಟ್ಯೂನರ್ ಡಬ್ಬಿ, ರಿಲೇ, ಕಂಟ್ರೋಲ್‌ಗಳು, ಸ್ವಿಚ್, ಇವಕ್ಕೆ ನೀರು ಸೋಕಬಾರದು. ಒಣಗಿಸುವುದು? ಜುಲೈಯಲ್ಲಿ ಬಿಸಿಲು ಎಲ್ಲಿಂದ ತರೋಣ. ರಟ್ಟಿನ ಪೆಟ್ಟಿಗೆಯಲ್ಲಿ 60 ವಾಟಿನ ಹಳೇ ಬಲ್ಬು ಉರಿಸಿ, ಗಾಳಿಗೆ ನಾಲ್ಕು ತೂತು ಬಿಟ್ಟು, ಬಲ್ಬಿನಿಂದ ಒಂದು ಮೊಳ ದೂರದಲ್ಲಿ ಬೋರ್ಡು ಇಟ್ಟು, ಕಣ್ಣೆದುರಲ್ಲೇ ಒಂದು ದಿನ. ರಾತ್ರಿ ಉರಿಯಲು ಬಿಟ್ಟು ಮಲಗಬೇಡಿ. ಕಂದು ಬಣ್ಣದ ಕಾಗದ ಜಾತಿಯ ಬೋರ್ಡು ನೀರು ಹೀರುತ್ತದೆ, ಅವಸರ ಮಾಡಬಾರದು. ಅಕ್ಕಿ ಡಬ್ಬದಲ್ಲಿ ಇಡಬಹುದಾ ಅಂತ ಕೇಳುತ್ತಾರೆ. ಅಕ್ಕಿಯನ್ನು ಅನ್ನ ಮಾಡಿ.

ಬೇರೆ ದ್ರಾವಣಗಳ ವಿಷಯ ಬೇಗ ಮುಗಿಸುತ್ತೇನೆ. ಪೆಟ್ರೋಲ್ ಬೇಡ, ಬೆಂಕಿ. ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಕೊರೋನಾ ಕಾಲದಲ್ಲಿ ಸ್ಯಾನಿಟೈಸರ್ ಹಾಕಿದವರಿದ್ದಾರೆ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಬೋರ್ಡು ಅಂಟಂಟಾಗಿ ಇನ್ನಷ್ಟು ಧೂಳು ಹಿಡಿಯುತ್ತದೆ. ನಾನು ಕೆಲಸ ಕಲಿಯುವಾಗ ಎಲ್ಲದಕ್ಕೂ ಸಿಟಿಸಿ, ಅಂದರೆ ಕಾರ್ಬನ್ ಟೆಟ್ರಾಕ್ಲೋರೈಡ್. ಬಾಟಲಿ ತೆರೆದಿಟ್ಟುಕೊಂಡೇ ದಿನವಿಡೀ ಕೂರುತ್ತಿದ್ದೆವು. ಅದು ಲಿವರಿಗೆ ವಿಷ ಅಂತ ನಮಗೆ ಯಾರೂ ಹೇಳಲಿಲ್ಲ. ಅದು ನಿಂತದ್ದು ನಮ್ಮ ಲಿವರಿನ ಮೇಲಿನ ಕರುಣೆಯಿಂದಲ್ಲ, ಓಝೋನ್ ಪದರದಿಂದ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ನಮ್ಮ ದೇಶದಲ್ಲೂ ಇಂಥ ಬಳಕೆ ನಿಂತಿತು. ಹಳೇ ಅಂಗಡಿಯಲ್ಲಿ ಬಾಟಲಿ ಸಿಕ್ಕರೆ ಮೂಸಿ ನೋಡಲೂ ಹೋಗಬೇಡಿ.

ಎರಡನೇ ಬೋರ್ಡು ನನ್ನದೇ ಪಾಪ. ಕಪ್ಪು ಬಿಳುಪು ಸೆಟ್ಟಿನದು. ಸೋಲ್ಡರ್ ಸರಿಯಾಗಿ ಹಿಡಿಯುತ್ತಿಲ್ಲ ಅಂತ, ಪಾತ್ರೆಗೆ ಬೆಸುಗೆ ಹಾಕುವವರ ಹತ್ತಿರದ ಪೇಸ್ಟ್ ಬಳಸಿದೆ. ಎಷ್ಟು ಚಂದ ಹಿಡಿಯಿತು ಅಂದರೆ, ಒಂದೊಂದು ಜಾಯಿಂಟೂ ಮುತ್ತಿನ ಹಾಗೆ. ಮೂರು ತಿಂಗಳಿಗೆ ಸೆಟ್ಟು ವಾಪಸು ಬಂತು. ಆ ಪೇಸ್ಟಿನಲ್ಲಿ ಇರುವುದು ಜಿಂಕ್ ಕ್ಲೋರೈಡ್, ಗಾಳಿಯ ತೇವ ಎಳೆದುಕೊಂಡು ಆಸಿಡ್ಡಿನ ಹಾಗೆ ವರ್ತಿಸುತ್ತದೆ. ಮುತ್ತುಗಳ ಸುತ್ತ ಟ್ರ್ಯಾಕುಗಳೆಲ್ಲ ಪಾಚಿಗಟ್ಟಿದ ಬಾವಿಕಟ್ಟೆ. ನೋಡಿ, ಇಲ್ಲಿ ಬೆರಳು ಇಟ್ಟಿದ್ದೇನಲ್ಲ, ಇಲ್ಲಿ ಮೊದಲು ಒಂದು ಟ್ರ್ಯಾಕ್ ಇತ್ತು. ಅವರಿಗೆ ದುಡ್ಡು ವಾಪಸು ಕೊಟ್ಟೆ, ಬೋರ್ಡು ಇಟ್ಟುಕೊಂಡೆ.

ಕೊನೆಗೆ ಎಲ್‌ಓಟಿಯ ಸುತ್ತಿನ ಕಪ್ಪು. ಹೆಚ್ಚು ವೋಲ್ಟೇಜ್ ಧೂಳನ್ನು ಎಳೆಯುತ್ತದೆ, ಟ್ಯೂಬಿನ ಮೇಲಿನ ರಬ್ಬರ್ ಟೋಪಿಯ ಸುತ್ತ ಉಂಗುರದ ಹಾಗೆ ಮಸಿ ಕೂತಿರುತ್ತದೆ. ಮಳೆ ದಿನ ಚಿಟಿಚಿಟಿ ಸದ್ದು, ಕತ್ತಲೆ ಮಾಡಿದರೆ ನೀಲಿ ಬೆಳಕು, ಓಝೋನಿನ ಚುರುಕು ವಾಸನೆ. ಡಿಸ್ಚಾರ್ಜ್ ಮಾಡಿ, ಟೋಪಿ ಎತ್ತಿ, ಅದರ ಒಳಗೂ ಗಾಜಿನ ಮೇಲೂ ಐಪಿಎ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಮಾತ್ರ ಸ್ವಿಚ್ ಹಾಕಿ. ಆದರೆ ಎಲ್ಲಾ ಕಪ್ಪೂ ಕೊಳೆಯಲ್ಲ! ಟ್ಯೂಬಿನ ಹಿಂಬದಿಯ ಕಪ್ಪು ಗ್ರಾಫೈಟ್ ಲೇಪ. ಅದೂ ಒಳಗಿನ ಲೇಪವೂ ಸೇರಿ ಒಂದು ಕಂಡೆನ್ಸರ್ ಆಗಿ ಕೆಲಸ ಮಾಡುತ್ತವೆ. ನನ್ನ ಹತ್ತಿರ ಕೆಲಸಕ್ಕಿದ್ದ ಹುಡುಗನೊಬ್ಬ ಒಂದು ಮಧ್ಯಾಹ್ನ ಬಲು ಶ್ರದ್ಧೆಯಿಂದ ಅದನ್ನು ತಿಕ್ಕಿ ತಿಕ್ಕಿ ಗಾಜು ಹೊಳೆಯುವ ಹಾಗೆ ಮಾಡಿದ್ದ. ಬೈಯಲು ಮನಸ್ಸು ಬರಲಿಲ್ಲ. ಅಷ್ಟು ಚೊಕ್ಕವಾಗಿ ಅವನು ಬೇರೆ ಏನನ್ನೂ ತೊಳೆದವನಲ್ಲ.

ಬೋರ್ಡು ಉರಿದು ಕರಿಯಾದ ಕಡೆ ತೊಳೆದು ಪ್ರಯೋಜನವಿಲ್ಲ. ಅದು ಇದ್ದಲು, ಕರೆಂಟು ಹಾಯಿಸುತ್ತದೆ. ಕರಿ ಹೋಗುವವರೆಗೆ ಬ್ಲೇಡಿನಲ್ಲಿ ಕೆತ್ತಿ ತೆಗೆಯಿರಿ, ತೂತಾದರೂ ಚಿಂತೆಯಿಲ್ಲ, ಮೇಲಿಂದ ವಯರ್ ಎಳೆದುಕೊಳ್ಳಬಹುದು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: ತೊಳೆದ ಮೇಲೆ ವಾರ್ನಿಷ್ ಹೊಡೆದುಬಿಟ್ಟರೆ ಮತ್ತೆ ತೇವ ಬರುವುದಿಲ್ಲವಲ್ಲ ಸರ್? ಬೋರ್ಡಿಗೆಂದೇ ಸಿಗುವ ವಾರ್ನಿಷ್ ಆದರೆ ಹೊಡೆಯಬಹುದು. ಉಪ್ಪು ಉಳಿದಿರುವಾಗ ಹೊಡೆದರೆ ಅದನ್ನು ಒಳಗೇ ಬೀಗ ಹಾಕಿಟ್ಟ ಹಾಗೆ. ತೇವ ಹೇಗಾದರೂ ನುಸುಳುತ್ತದೆ, ಆಮೇಲೆ ಕೆರೆಯಲು ವಾರ್ನಿಷ್ಷೂ ಅಡ್ಡ. ನಾನಾದರೆ ವಾರ್ನಿಷ್ ಮುಟ್ಟುವ ಮುಂಚೆ ಸೆಟ್ಟನ್ನು ಒಂದು ವಾರ ಓಡಿಸುತ್ತೇನೆ, ಅದೂ ಮಳೆ ಬರುವ ವಾರ.

ಮೂರನೇ ಬೋರ್ಡನ್ನು ನಾನು ತೊಳೆದಿಲ್ಲ. ಹಲ್ಲಿಯ ಅಸ್ಥಿಪಂಜರವೂ ಇದ್ದ ಹಾಗೇ ಇದೆ, ಎರಡು ಪಿನ್ನುಗಳ ನಡುವೆ. ಟಾರ್ಚ್ ಇಲ್ಲಿದೆ, ಮೇಲಿಂದ ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ಒಬ್ಬೊಬ್ಬರಾಗಿ ಬಂದು, ಏನೂ ಮುಟ್ಟದೆ, ಯಾವ ಕಲೆ ಯಾವುದರದ್ದು ಅಂತ ಹೇಳಿ ನೋಡೋಣ.